ಬೇಟೆನಾಯಿಗೆ ಯಾವ ಟ್ರ್ಯಾಕಿಂಗ್ ಕಾಲರ್? ಪೆಟ್ಟಿಗೆ ಮೇಲಿನ ಕಿಲೋಮೀಟರ್ ಬಿಟ್ಟು ಕಣಿವೆ ನೋಡಿ

ಪ್ರಶ್ನೆ: ನನ್ನ ಬಳಿ ಮೂರು ಬೇಟೆನಾಯಿಗಳಿವೆ. ಎರಡು ಹೌಂಡ್‌ಗಳು, ವಾಸನೆ ಸಿಕ್ಕಿದರೆ ಗುಡ್ಡ ದಾಟಿ ಓಡುತ್ತವೆ. ಮೂರನೆಯದು 6 ಕಿಲೋ ತೂಗುವ ಚಿಕ್ಕ ನಾಯಿ, ಹತ್ತಿರದ ಪೊದೆ, ಬಿಲ ಹುಡುಕುತ್ತದೆ. ಹಿಂದಿನ ಸಲ ಹಿರಿಯ ಹೌಂಡ್ ರಾತ್ರಿಯಿಡೀ ಸಿಗಲಿಲ್ಲ, ಬೆಳಿಗ್ಗೆ ತಾನಾಗಿ ಬಂತು. ಸ್ನೇಹಿತರೊಬ್ಬರು ತಮ್ಮ ಹಳೆಯ ಬೀಪ್ ಕಾಲರ್ ಮತ್ತು ರಿಸೀವರ್ ಕೊಡುತ್ತೇನೆ ಎನ್ನುತ್ತಾರೆ. ಅಂಗಡಿಯವರು 14 ಕಿ.ಮೀ. ದೂರ ಹಿಡಿಯುವ ಜಿಪಿಎಸ್ ಕಾಲರ್ ತೋರಿಸಿದರು. ಮಗ ಮೊಬೈಲ್ ಆ್ಯಪ್‌ನಲ್ಲಿ ಕೆಲಸ ಮಾಡುವ ಟ್ರ್ಯಾಕರ್ ಸಾಕು ಎನ್ನುತ್ತಾನೆ. ಯಾವುದನ್ನು ಆರಿಸಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹೌಂಡ್‌ಗಳೆರಡಕ್ಕೂ ಜಿಪಿಎಸ್ ಇರುವ ರೇಡಿಯೊ ಕಾಲರ್ ಕೊಳ್ಳಿ. ಸ್ನೇಹಿತರ ಬೀಪ್ ಸೆಟ್ಟನ್ನೂ ಬೇಡ ಎನ್ನಬೇಡಿ, ಅದು ಹಿರಿಯ ಹೌಂಡ್‌ನ ಕೊರಳಿಗೆ ಎರಡನೆಯ ಪಟ್ಟಿಯಾಗಿ ಬರಲಿ. ಮೊಬೈಲ್ ನೆಟ್‌ವರ್ಕನ್ನೇ ನಂಬಿರುವ ಟ್ರ್ಯಾಕರ್ ಒಂದನ್ನೇ ಕಟ್ಟಿ ನಾಯಿಯನ್ನು ಕಾಡಿಗೆ ಬಿಡಬೇಡಿ. ಚಿಕ್ಕ ನಾಯಿಯ ಲೆಕ್ಕ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ಆದರೆ ನಿಮ್ಮ ಪ್ರಶ್ನೆ ಓದುವಾಗ ನನ್ನ ಮನಸ್ಸು ನಿಂತದ್ದು ಆ ಒಂದು ರಾತ್ರಿಯ ಮೇಲೆ. ಹೌಂಡ್ ಆಗ ಎಲ್ಲಿತ್ತು? ಗುಡ್ಡದ ಆಚೆ ಹೋಗಿತ್ತೇ, ಹತ್ತಿರದ ಹಳ್ಳದಲ್ಲೇ ಸಿಕ್ಕಿಕೊಂಡಿತ್ತೇ, ದಣಿದು ಬಂಡೆಯಡಿ ಮಲಗಿತ್ತೇ? ಕಾಲರ್ ಆರಿಸುವ ಕೆಲಸ ಅಲ್ಲಿಂದ ಶುರುವಾಗಬೇಕು. ಬಯಲಿನಲ್ಲಿ ಓಡುತ್ತಿರುವ ನಾಯಿಯನ್ನು ಎಲ್ಲ ಉಪಕರಣವೂ ತೋರಿಸುತ್ತದೆ. ನಿಮಗೆ ಬೇಕಾದದ್ದು ನಿಮ್ಮ ನಾಯಿ ಕಳೆದುಹೋಗುವಂಥ ಜಾಗದಲ್ಲಿ ಕೈಬಿಡದ ಉಪಕರಣ.

ಅಂಗಡಿಯವರು ಹೇಳಿದ 14 ಕಿ.ಮೀ. ಸುಳ್ಳಲ್ಲ. ಆದರೆ ಅದು ನಾಯಿಗೂ ನಿಮಗೂ ನಡುವೆ ಏನೂ ಅಡ್ಡವಿಲ್ಲದಾಗಿನ ಮಾತು. ಈ ಕಾಲರ್‌ಗಳ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಒಂದು ಸುಲಭದ ಲೆಕ್ಕವಿದೆ: ಎರಡೂ ತುದಿಯ ಆಂಟೆನಾಗಳ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಪ್ರತಿಯೊಂದರ ವರ್ಗಮೂಲ ಕಂಡುಹಿಡಿದು, ಕೂಡಿಸಿ, 4.1ರಿಂದ ಗುಣಿಸಿದರೆ ಸಮತಟ್ಟು ನೆಲದ ಮೇಲೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ನಾಯಿಯ ಕೊರಳು ನೆಲದಿಂದ ಅರ್ಧ ಮೀಟರ್, ನಿಮ್ಮ ಕೈ ಒಂದೂವರೆ ಮೀಟರ್. ಲೆಕ್ಕ ಹಾಕಿದರೆ ಸುಮಾರು 8 ಕಿ.ಮೀ. ಅಂದರೆ ಮರವೇ ಇಲ್ಲದ ಬಟ್ಟಬಯಲಲ್ಲೂ ನೆಲದ ಮೇಲೆ ನಿಂತವನಿಗೆ 14 ಕಿ.ಮೀ. ದಕ್ಕುವುದು ಕಷ್ಟ. ಅದೇ ನೀವು ಸುತ್ತಲ ನೆಲಕ್ಕಿಂತ 100 ಮೀಟರ್ ಎತ್ತರದ ದಿಬ್ಬ ಹತ್ತಿದಿರೋ, ದಿಗಂತ 40 ಕಿ.ಮೀ. ದಾಟುತ್ತದೆ. ಆಗ ದೂರವನ್ನು ನಿರ್ಧರಿಸುವುದು ಕಾಲರ್‌ನ ಶಕ್ತಿ ಮತ್ತು ನಡುವಿನ ಕಾಡು. ದುಬಾರಿ ಕಾಲರ್ ಕೊಟ್ಟು ಕಣಿವೆಯ ತಳದಲ್ಲಿ ನಿಲ್ಲಿಸಿದ ಬೇಟೆಗಾರನಿಗಿಂತ ಸಾಧಾರಣ ಕಾಲರ್ ಹಿಡಿದು ದಿಬ್ಬ ಹತ್ತಿದವನು ನಾಯಿಯನ್ನು ಬೇಗ ಹುಡುಕುತ್ತಾನೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ.

ಈಗ ಬೀಪ್ ಕಾಲರ್. ಪ್ರಾಣಿಗೆ ರೇಡಿಯೊ ಕಟ್ಟಿ ಹುಡುಕುವ ವಿದ್ಯೆ ವನ್ಯಜೀವಿ ಸಂಶೋಧಕರಿಂದ ಬಂದದ್ದು. ಅಮೆರಿಕದ ವಿಲಿಯಂ ಕಾಕ್ರನ್ ಮತ್ತು ರೆಕ್ಸ್‌ಫರ್ಡ್ ಲಾರ್ಡ್ ಕಾಡುಪ್ರಾಣಿಗಳಿಗಾಗಿ ಕಟ್ಟಿದ ರೇಡಿಯೊ ವ್ಯವಸ್ಥೆಯ ವಿವರವನ್ನು 1963ರಲ್ಲಿ ಪ್ರಕಟಿಸಿದರು. ನಿಮ್ಮ ಸ್ನೇಹಿತರ ಸೆಟ್ ಅದೇ ವಂಶದ್ದು. ಕಾಲರ್ ಒಂದೇ ಕಂಪನಾಂಕದಲ್ಲಿ ಸೆಕೆಂಡಿಗೊಂದು ಸಲದಂತೆ ಬೀಪ್ ಬಿಡುತ್ತಿರುತ್ತದೆ. ಸ್ಥಾನ, ನಕ್ಷೆ ಏನೂ ಅದಕ್ಕೆ ಗೊತ್ತಿಲ್ಲ. ಹಳೆಯ ಟಿವಿ ಆಂಟೆನಾದಂತೆ ಅಡ್ಡಕಡ್ಡಿಗಳಿರುವ ಯಾಗಿ ಆಂಟೆನಾ ಹಿಡಿದು ತಿರುಗುತ್ತಾ, ಸದ್ದು ಎತ್ತ ಜೋರೋ ಅತ್ತ ನಾಯಿ ಇದೆ ಎಂದು ತಿಳಿಯುವುದು ನಿಮ್ಮ ಕೆಲಸ.

ಇದು ಹಳತಾಯಿತು ಎಂದು ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ, ಅದಕ್ಕೆ ಕಾರಣವಿದೆ. ಬೀಪ್ ಕಾಲರ್ ಹೊರಡಿಸುವ ಶಕ್ತಿ ಕೆಲವೇ ಮಿಲಿವ್ಯಾಟ್‌ಗಳಿಂದ ಕೆಲವು ಹತ್ತು ಮಿಲಿವ್ಯಾಟ್‌ಗಳಷ್ಟು. ಅದೂ ಕ್ಷಣಹೊತ್ತು, ಬಿಟ್ಟು ಬಿಟ್ಟು. ಹಾಗಾಗಿ ಬ್ಯಾಟರಿ ವಾರಗಟ್ಟಲೆ, ಕೆಲವದರಲ್ಲಿ ತಿಂಗಳುಗಟ್ಟಲೆ ಬರುತ್ತದೆ. ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ಜಿಪಿಎಸ್ ಕಾಲರ್ ಕಳಿಸುವ ಡಿಜಿಟಲ್ ಮಾಹಿತಿ ಸರಿಯಾಗಿ ಬಂದರೆ ಬಂತು, ಸ್ವಲ್ಪ ಕೆಟ್ಟರೂ ಏನೂ ಸಿಗುವುದಿಲ್ಲ. ಬೀಪ್ ಹಾಗಲ್ಲ. ಮಳೆಯಂಥ ಗೊರಗೊರ ಸದ್ದಿನ ನಡುವೆ ಎಲ್ಲೋ ನೂಲಿನೆಳೆಯಷ್ಟು ತೆಳ್ಳಗೆ ಬರುವ ಬೀಪನ್ನೂ ಮನುಷ್ಯನ ಕಿವಿ ಹೆಕ್ಕುತ್ತದೆ. ಪರದೆಯ ಮೇಲಿನ ನಾಯಿ ಮಾಯವಾದ ಮೇಲೂ ಕಿವಿಯಲ್ಲಿ ನಾಯಿ ಉಳಿದಿರುತ್ತದೆ.

ಅದರ ತೊಂದರೆಯೂ ಸಣ್ಣದಲ್ಲ. ಅಭ್ಯಾಸ ಬೇಕು, ತಾಳ್ಮೆ ಬೇಕು. ಬಂಡೆಯ ಗೋಡೆಗೆ ಬಡಿದು ಮರಳಿದ ಸಿಗ್ನಲ್ ನಿಮ್ಮನ್ನು ನಾಯಿ ಇಲ್ಲದ ದಿಕ್ಕಿಗೆ ಕರೆದೊಯ್ಯುತ್ತದೆ. ಅದಕ್ಕೇ ಒಂದೇ ಜಾಗದ ಓದನ್ನು ನಂಬಬಾರದು. ಒಂದು ಕಡೆ ದಿಕ್ಕು ಹಿಡಿದು ನಕ್ಷೆಯಲ್ಲಿ ಗೆರೆ ಎಳೆಯಿರಿ. ಬಳಿಕ ಆ ಗೆರೆಗೆ ಅಡ್ಡಲಾಗಿ ನಡೆದು ಮತ್ತೊಂದು ದಿಕ್ಕು ಹಿಡಿಯಿರಿ. ಎರಡು ಗೆರೆ ಲಂಬಕೋನಕ್ಕೆ ಹತ್ತಿರವಾಗಿ ಕೂಡಿದರೆ ಆ ಜಾಗ ನಂಬಿಕೆಗೆ ಅರ್ಹ. ಮೂರನೆಯದನ್ನೂ ಎಳೆದರೆ ಇನ್ನೂ ಒಳ್ಳೆಯದು. ದಿಕ್ಕಿನಲ್ಲಿ ಬರೀ 5 ಡಿಗ್ರಿ ತಪ್ಪಾದರೂ 1 ಕಿ.ಮೀ. ಆಚೆ ಅದು ಸುಮಾರು 90 ಮೀಟರ್, 3 ಕಿ.ಮೀ. ಆಚೆ 260 ಮೀಟರ್ ಆಗುತ್ತದೆ. ಆದ್ದರಿಂದ ದೂರದಿಂದ ಸಿಕ್ಕಿದ್ದನ್ನು ಬರೀ ದಾರಿ ಎಂದುಕೊಳ್ಳಿ, ವಿಳಾಸ ಎಂದುಕೊಳ್ಳಬೇಡಿ.

ಹತ್ತಿರ ಹೋದಾಗ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಆಂಟೆನಾ ಎತ್ತ ತಿರುಗಿಸಿದರೂ ಬೀಪ್ ಜೋರಾಗಿಯೇ ಇರುತ್ತದೆ. ರಿಸೀವರ್ ತುಂಬಿ ತುಳುಕುತ್ತಿದೆ ಎಂದು ಅರ್ಥ. ಆಗ ರಿಸೀವರ್ ಎಷ್ಟು ಸೂಕ್ಷ್ಮವಾಗಿ ಕೇಳಬೇಕು ಎಂದು ನಿರ್ಧರಿಸುವ ಗೇನ್ ಗುಂಡಿಯನ್ನು ತಗ್ಗಿಸುತ್ತಾ ಹೋಗಬೇಕು. ಅದೂ ಸಾಲದಿದ್ದರೆ ಆಂಟೆನಾ ಕಳಚಿ, ರಿಸೀವರ್ ಅನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಸುತ್ತು ತಿರುಗಿ. ಸದ್ದು ಎಲ್ಲಿ ತೀರಾ ಕುಗ್ಗಿತೋ ಅಲ್ಲಿ ನಾಯಿ ನಿಮ್ಮ ಬೆನ್ನ ಹಿಂದಿದೆ, ನಿಮ್ಮ ಮೈ ಅಡ್ಡ ಬಂದಿದೆ. ಆಂಟೆನಾವನ್ನು ಒಮ್ಮೆ ಅಡ್ಡ, ಒಮ್ಮೆ ನೆಟ್ಟಗೆ ಹಿಡಿದು ನೋಡುವುದನ್ನೂ ರೂಢಿಸಿಕೊಳ್ಳಿ. ಓಡುವ ನಾಯಿಯ ಆಂಟೆನಾ ಒಂದು ರೀತಿ ನಿಂತಿರುತ್ತದೆ, ಮಲಗಿದ ನಾಯಿಯದು ಇನ್ನೊಂದು ರೀತಿ ಬಿದ್ದಿರುತ್ತದೆ. ನಿಮ್ಮ ಆಂಟೆನಾದ ನಿಲುವು ಅದಕ್ಕೆ ಹೊಂದಿದಾಗ ಸಿಗ್ನಲ್ ಏರುತ್ತದೆ.

ಜಿಪಿಎಸ್ ಕಾಲರ್ ಕೆಲಸ ಮಾಡುವ ಬಗೆ ಬೇರೆ. ಇದನ್ನು ಅರ್ಥ ಮಾಡಿಕೊಳ್ಳದೆ ಹಣ ಕೊಟ್ಟವರು ಆಮೇಲೆ ಪೇಚಾಡುತ್ತಾರೆ. ಅದರಲ್ಲಿ ಎರಡು ಕೊಂಡಿಗಳಿವೆ. ಕಾಲರ್ ಮೊದಲು ಆಕಾಶದಲ್ಲಿರುವ ಕನಿಷ್ಠ 4 ಉಪಗ್ರಹಗಳನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆ ಎಂದು ತಿಳಿಯಬೇಕು. ಆಮೇಲೆ ಆ ಸ್ಥಾನವನ್ನು ರೇಡಿಯೊ ಮೂಲಕ ನಿಮ್ಮ ಕೈಯಲ್ಲಿರುವ ಪರದೆಯ ಉಪಕರಣಕ್ಕೆ, ಅಂದರೆ ಹ್ಯಾಂಡ್‌ಸೆಟ್‌ಗೆ ತಲುಪಿಸಬೇಕು. ಯಾವುದೊಂದು ಕೊಂಡಿ ಕಳಚಿದರೂ ನಾಯಿ ಕಾಣುವುದಿಲ್ಲ. ನಾಗರಿಕ ಜಿಪಿಎಸ್‌ಗೆ ಅಮೆರಿಕ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ 100 ಮೀಟರ್ ಆಚೀಚೆ ಆಗುತ್ತಿದ್ದುದು ಬಯಲಲ್ಲಿ ಕೆಲವೇ ಮೀಟರ್‌ಗಳಿಗೆ ಇಳಿಯಿತು. ನಾಯಿಗೆ ಕಟ್ಟುವ ಜಿಪಿಎಸ್ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅದರ ನಂತರ. ಆದರೆ ಉಪಗ್ರಹದ ಸಿಗ್ನಲ್ ಬಹಳ ದುರ್ಬಲ. ಒದ್ದೆ ಎಲೆಯ ದಟ್ಟ ಚಪ್ಪರ, ಕಡಿದಾದ ಕಣಿವೆ, ಬಂಡೆಯ ಪೊಟರೆ, ಕೊನೆಗೆ ನಾಯಿಯ ಮೈ ಕೂಡ ಅದನ್ನು ನುಂಗುತ್ತದೆ. ಕಾಲರ್‌ನ ಜಿಪಿಎಸ್ ಭಾಗ ಕೊರಳ ಮೇಲ್ಗಡೆ, ಆಕಾಶದತ್ತ ಮುಖ ಮಾಡಿರಬೇಕು, ಭಾರದ ಬ್ಯಾಟರಿ ಗಂಟಲ ಕೆಳಗಿರಬೇಕು ಎನ್ನುವುದು ಇದಕ್ಕೇ. ಪಟ್ಟಿ ಸಡಿಲವಾಗಿ ತಿರುಗಿಬಿಟ್ಟರೆ ಅತ್ಯುತ್ತಮ ಕಾಲರ್ ಕೂಡ ಕುರುಡಾಗುತ್ತದೆ.

ನನ್ನದೇ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಹೆಣ್ಣು ಹೌಂಡ್ ಒಂದು ಕತ್ತಲಾಗುವ ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿದೆ ಎಂದು ಹ್ಯಾಂಡ್‌ಸೆಟ್ ತೋರಿಸಿತು. ನಾವು ಇಬ್ಬರು ಹತ್ತಿ ಹೋದೆವು. ಅಲ್ಲಿ ನಾಯಿಯಿಲ್ಲ. ಒಂದು ಗಂಟೆ ಆ ನೆತ್ತಿಯನ್ನೇ ಸುತ್ತಿದೆವು, ಕೂಗಿ ಕೂಗಿ ಗಂಟಲು ಒಣಗಿತು. ಪರದೆಯ ಮೂಲೆಯಲ್ಲಿ, ಈ ಮಾಹಿತಿ 50 ನಿಮಿಷ ಹಳೆಯದು ಎಂದು ಸಣ್ಣಕ್ಷರದಲ್ಲಿ ಬರೆದಿದ್ದನ್ನು ನಾನು ನೋಡಿರಲಿಲ್ಲ. ಅದು ನಾಯಿ ಇದ್ದ ಜಾಗವಲ್ಲ, ಕಾಲರ್ ಕೊನೆಯ ಬಾರಿ ಮಾತಾಡಿದ ಜಾಗ. ಅವಳ ಕೊರಳಲ್ಲಿದ್ದ ಬೀಪ್ ಕಾಲರ್‌ನ ರಿಸೀವರ್ ಹಚ್ಚಿದಾಗ ಸದ್ದು ಗುಡ್ಡದ ಹಿಂದಿನ ಕೊರಕಲಿನಿಂದ ಬಂತು. ಮುಂಗಾಲಿಗೆ ಬಳ್ಳಿ ಸುತ್ತಿಕೊಂಡು ನೀರಿನ ಪಕ್ಕದಲ್ಲಿ ಮಲಗಿದ್ದಳು. ಅಂದಿನಿಂದ ನಾನು ಹ್ಯಾಂಡ್‌ಸೆಟ್ ನೋಡುವ ಮೊದಲು ಸಮಯ ನೋಡುತ್ತೇನೆ. ಎಷ್ಟು ಹೊತ್ತಿನ ಹಿಂದಿನ ಮಾಹಿತಿ ಎನ್ನುವುದನ್ನು ದೊಡ್ಡದಾಗಿ, ಕಣ್ಣಿಗೆ ರಾಚುವಂತೆ ತೋರಿಸದ ಹ್ಯಾಂಡ್‌ಸೆಟ್ ಕೊಳ್ಳಬೇಡಿ.

ಅಪ್‌ಡೇಟ್ ವೇಗದ ಬಗ್ಗೆಯೂ ಅಂಗಡಿಯಲ್ಲಿ ಕೇಳಿ. ಕಾಲರ್ ಎಷ್ಟು ಸೆಕೆಂಡಿಗೊಮ್ಮೆ ಸ್ಥಾನ ಕಳಿಸುತ್ತದೆ? ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡುವ ಹೌಂಡ್ 2.5 ಸೆಕೆಂಡಿನಲ್ಲಿ ಸುಮಾರು 20 ಮೀಟರ್ ಸಾಗುತ್ತದೆ, 30 ಸೆಕೆಂಡಿನಲ್ಲಿ 250 ಮೀಟರ್, 2 ನಿಮಿಷದಲ್ಲಿ ಒಂದು ಕಿಲೋಮೀಟರ್. ಮುಂದೆ ರಸ್ತೆಯೋ ರೈಲುಹಳಿಯೋ ಇದ್ದರೆ 2 ನಿಮಿಷ ಹಳೆಯ ಚುಕ್ಕಿಯಿಂದ ಪ್ರಯೋಜನವಿಲ್ಲ. ಹಾಗೆಂದು ಸದಾ 2.5 ಸೆಕೆಂಡಿಗೆ ಇಟ್ಟರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಈ ಬಗೆಯ ಒಳ್ಳೆಯ ಕಾಲರ್‌ಗಳು ಒಂದು ಚಾರ್ಜಿಗೆ ಸುಮಾರು 20ರಿಂದ 40 ಗಂಟೆ ಬರುತ್ತವೆ. ಚಳಿಯಲ್ಲಿ ಅದೂ ಕುಗ್ಗುತ್ತದೆ. ಬೇಟೆ ನಡೆಯುವಾಗ ಬೇಗಬೇಗ, ನಾಯಿ ಕಳೆದುಹೋಯಿತು ಎಂದು ಗೊತ್ತಾದಾಗ ದೂರದಿಂದಲೇ 2 ನಿಮಿಷಕ್ಕೆ ಬದಲಿಸಿ ಬ್ಯಾಟರಿ ಉಳಿಸಬಲ್ಲ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ನಿಮ್ಮ ಹಿರಿಯ ಹೌಂಡ್‌ನಂಥ ನಾಯಿಗೆ ಈ ಒಂದು ಸೌಲಭ್ಯ ಉಳಿದ ಹತ್ತಕ್ಕಿಂತ ಮುಖ್ಯ.

ಇನ್ನು ಮಗ ಹೇಳಿದ ಆ್ಯಪ್. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಮೊಬೈಲ್ ನೆಟ್‌ವರ್ಕ್ ಇರುವಲ್ಲಿ ಆ ಟ್ರ್ಯಾಕರ್‌ಗೆ ದೂರದ ಮಿತಿಯೇ ಇಲ್ಲ, ನಾಯಿ ಪಕ್ಕದ ಜಿಲ್ಲೆಗೆ ಹೋದರೂ ತೋರಿಸುತ್ತದೆ. ಊರು, ರಸ್ತೆ, ತೋಟ ಹತ್ತಿರವಿರುವ ಜಾಗದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಟವರ್ ಇರುವುದು ಜನರಿರುವ ಕಡೆ, ನಾಯಿ ಕಳೆದುಹೋಗುವುದು ಜನರಿಲ್ಲದ ಕಡೆ. ನಿಮ್ಮ ಫೋನಿನಲ್ಲಿ ಸಿಗ್ನಲ್ ಗೆರೆ ಇದ್ದರೆ ಸಾಲದು, ಹಳ್ಳದ ತಳದಲ್ಲಿರುವ ನಾಯಿಯ ಕೊರಳಿಗೂ ನೆಟ್‌ವರ್ಕ್ ಸಿಗಬೇಕು. ಹಳೆಯ ತಲೆಮಾರಿನ ಜಾಲವನ್ನು ಕಂಪನಿಗಳು ಮುಚ್ಚಿದರೆ ಉಪಕರಣವೇ ನಿರುಪಯೋಗಿ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದಾಗ ಅದನ್ನೇ ನಂಬಿದ್ದ ಉಪಕರಣಗಳು ಹಾಗೇ ಮೂಕವಾದವು. ಟ್ರ್ಯಾಕರ್ 4ಜಿ ಮೇಲೆ ನಡೆಯುತ್ತದೆಯೇ ಎಂದು ಕೇಳದೆ ಕೊಳ್ಳಬೇಡಿ. ಕೀಲಿಕೈಗೆ ಹಾಕುವ ಬ್ಲೂಟೂತ್ ಬಿಲ್ಲೆಗಳ ಮಾತಂತೂ ಬೇಡ. ಅವುಗಳ ಸ್ವಂತ ದೂರ ಕೆಲವು ಹತ್ತು ಮೀಟರ್. ಆಚೆಗೆ ಬೇರೆಯವರ ಫೋನ್ ಹತ್ತಿರ ಸುಳಿಯಬೇಕು.

ಆ್ಯಪ್‌ನಲ್ಲೇ ನಕ್ಷೆ ತೋರಿಸುವ, ಆದರೆ ಕಾಲರ್‌ನಿಂದ ಕೈಗೆ ಸ್ವಂತ ರೇಡಿಯೊದಲ್ಲೇ ಮಾತಾಡುವ ಉಪಕರಣಗಳೂ ಇವೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಸಿಮ್ ಬೇಕೇ ಎಂದು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕಂಪನಾಂಕದ ವಿಷಯಕ್ಕೆ ಬರೋಣ, ಏಕೆಂದರೆ ಹಳೆಯ ಸೆಟ್ ತೆಗೆದುಕೊಳ್ಳುವವರು ಇಲ್ಲೇ ಎಡವುವುದು. ಯಾವ ಕಂಪನಾಂಕ ನಾಯಿ ಕಾಲರ್‌ಗೆ ಮುಕ್ತ, ಎಷ್ಟು ಶಕ್ತಿಯವರೆಗೆ ಮುಕ್ತ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 151 ಮತ್ತು 154 ಮೆಗಾಹರ್ಟ್ಸ್ ಸುತ್ತಲಿನ 5 ಚಾನೆಲ್‌ಗಳನ್ನು 2 ವ್ಯಾಟ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಸ್ವೀಡನ್ನಿನಲ್ಲಿ ಬೇಟೆಗಾರರ ರೇಡಿಯೊ 155 ಮೆಗಾಹರ್ಟ್ಸ್‌ನಲ್ಲಿದೆ. ಒಂದು ದೇಶಕ್ಕೆಂದು ಮಾಡಿದ ಕಾಲರ್ ಇನ್ನೊಂದು ದೇಶದಲ್ಲಿ ತುರ್ತು ಸೇವೆಯವರ ಚಾನೆಲ್ ಮೇಲೆ ಬೀಪ್ ಹೊಡೆಯುತ್ತಿರಬಹುದು. ಸ್ನೇಹಿತರ ಸೆಟ್ ಮೇಲೆ ಬರೆದಿರುವ ಸಂಖ್ಯೆಯನ್ನು ಬರೆದುಕೊಂಡು, ನೀವು ಬೇಟೆಯಾಡುವ ಜಾಗದ ರೇಡಿಯೊ ಇಲಾಖೆಯ ನಿಯಮದೊಂದಿಗೆ ಹೋಲಿಸಿದ ಮೇಲಷ್ಟೇ ಸ್ವಿಚ್ ಹಾಕಿ. ಬೇಟೆಯ ನಿಯಮವನ್ನೂ ಅದೇ ಸಲಕ್ಕೆ ಓದಿ. ಬೇಟೆಯ ಹೊತ್ತಿನಲ್ಲಿ ಎಲೆಕ್ಟ್ರಾನಿಕ್ ಸಹಾಯ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ಎಲ್ಲ ಕಡೆ ಒಂದೇ ಅಲ್ಲ.

ಭೌತಶಾಸ್ತ್ರವೂ ಇಲ್ಲಿ ತನ್ನ ಮಾತು ಹೇಳುತ್ತದೆ. ಕಂಪನಾಂಕ ಕಡಿಮೆಯಾದಷ್ಟೂ ಎಲೆ, ಕೊಂಬೆಗಳ ನಡುವೆ ತರಂಗ ಕಡಿಮೆ ಸವೆಯುತ್ತದೆ, ಆದರೆ ಆಂಟೆನಾ ಉದ್ದ ಬೇಕಾಗುತ್ತದೆ. 150 ಮೆಗಾಹರ್ಟ್ಸ್‌ನ ತರಂಗ 2 ಮೀಟರ್ ಉದ್ದ, ಅದರ ಕಾಲುಭಾಗದ ಆಂಟೆನಾ ಅರ್ಧ ಮೀಟರ್. ಕಾಲರ್‌ನಿಂದ ಬಾಲದಂತೆ ಚಾಚಿರುವ ಆ ತಂತಿ ಉದ್ದವಾಯಿತೆಂದು ಕತ್ತರಿಸಿದವರನ್ನು, ಸುತ್ತಿ ಟೇಪ್ ಹಚ್ಚಿದವರನ್ನು ನಾನು ಬಲ್ಲೆ. ಹಾಗೆ ಮಾಡಿದರೆ ದೂರ ಬಹಳ ಕುಗ್ಗುತ್ತದೆ. ಜೊತೆಯ ನಾಯಿ ಆಟಕ್ಕೆ ಅದನ್ನು ಅಗಿಯುವುದೂ ಉಂಟು. ಹಾಗಾಗಿ ಆಂಟೆನಾ ನೀವೇ ಬಿಚ್ಚಿ ಬದಲಿಸುವಂತಿರುವ ಕಾಲರ್ ಕೊಳ್ಳಿ, ಒಂದು ಬದಲಿ ಆಂಟೆನಾ ಚೀಲದಲ್ಲಿರಲಿ. ಹ್ಯಾಂಡ್‌ಸೆಟ್ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಬದಲು ಉದ್ದದ್ದನ್ನು, ಗಾಡಿಯ ಛಾವಣಿಗೆ ಅಯಸ್ಕಾಂತದಿಂದ ಅಂಟುವ ಆಂಟೆನಾವನ್ನು ಸೇರಿಸಿದರೆ ಆಗುವ ಲಾಭ ಕಾಲರ್ ಮಾದರಿ ಬದಲಿಸಿದರೆ ಆಗುವುದಕ್ಕಿಂತ ಹೆಚ್ಚು.

ಹ್ಯಾಂಡ್‌ಸೆಟ್ ಬಗ್ಗೆ ಚುಟುಕಾಗಿ: ಒದ್ದೆ ಕೈಯಲ್ಲಿ, ಕೈಗವಸು ಹಾಕಿ ಒತ್ತಿ ನೋಡಿ. ಬಿಸಿಲಲ್ಲಿ ಪರದೆ ಕಾಣಬೇಕು. ನೀರಿಗೆ ಬಿದ್ದರೆ ಕೆಡಬಾರದು. ಗುಡ್ಡ, ಹಳ್ಳಗಳ ಗೆರೆಯಿರುವ ನಕ್ಷೆ ಇಂಟರ್ನೆಟ್ ಇಲ್ಲದೆಯೂ ತೆರೆಯಬೇಕು.

ಕೊಂಡ ಮೇಲೆ ನಾಯಿಗೆ ಕಟ್ಟುವ ಮೊದಲು ಒಂದು ದಿನ ಅಭ್ಯಾಸಕ್ಕೆ ಕೊಡಿ. ಮಗನ ಕೈಗೆ ಎರಡೂ ಕಾಲರ್ ಕೊಟ್ಟು, ನಿಮಗೆ ಹೇಳದೆ ಎಲ್ಲಾದರೂ ಅಡಗಲಿ; ಕಾಲರ್ ಅವನ ಮೊಣಕಾಲ ಎತ್ತರದಲ್ಲಿರಲಿ, ತಲೆ ಮೇಲಲ್ಲ. ಮೊದಲ ಸಲ ಜಿಪಿಎಸ್ ನೋಡಿ ಹುಡುಕಿ, ಎರಡನೆಯ ಸಲ ಬೀಪ್ ಮಾತ್ರ. ಮೂರನೆಯ ಸಲ ಅವನು ಹಳ್ಳಕ್ಕೆ ಇಳಿಯಲಿ. ನಿಮ್ಮ ಕಾಡಿನಲ್ಲಿ ಎಲ್ಲಿ ನಿಂತರೆ ಸಿಗ್ನಲ್ ಕೇಳುತ್ತದೆ, ಎಲ್ಲಿ ನಿಂತರೆ ಸತ್ತುಹೋಗುತ್ತದೆ ಎಂಬ ನಕ್ಷೆ ಅಂದು ನಿಮ್ಮ ತಲೆಯಲ್ಲಿ ಮೂಡುತ್ತದೆ. ಯಾವ ಕಂಪನಿಯೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದಿಲ್ಲ.

ಈಗ ಚಿಕ್ಕ ನಾಯಿ. ಪ್ರಾಣಿಗೆ ಕಟ್ಟುವ ಉಪಕರಣ ಮೈತೂಕದ ಶೇ. 5 ಮೀರಬಾರದು ಎಂಬುದು ವನ್ಯಜೀವಿ ಸಂಶೋಧಕರು ಬಹುಕಾಲದಿಂದ ಪಾಲಿಸುವ ಮಿತಿ, ಕಡಿಮೆಯಾದಷ್ಟೂ ಒಳ್ಳೆಯದು. ಪೂರ್ಣ ಗಾತ್ರದ ಜಿಪಿಎಸ್ ಕಾಲರ್ 280 ಗ್ರಾಂ ಸುಮಾರು ತೂಗುತ್ತದೆ. ನಿಮ್ಮ ಹೌಂಡ್‌ಗೆ ಅದು ಏನೂ ಅಲ್ಲ, 6 ಕಿಲೋ ನಾಯಿಗೆ ಮಿತಿಯ ಅಂಚಿಗೇ ಬರುತ್ತದೆ. ಅದಕ್ಕೆ ಸಣ್ಣ ನಾಯಿಗೆಂದೇ ಮಾಡಿದ ಕಾಲರ್ ಹುಡುಕಿ, ದೂರ ಕಡಿಮೆಯಾದರೂ ಪರವಾಗಿಲ್ಲ. ಹೇಗೂ ಅದು ಹತ್ತಿರದಲ್ಲೇ ಇರುತ್ತದೆ. ಆದರೆ ಬಿಲ ಹುಡುಕುತ್ತದೆ ಎಂದಿರಿ. ಅಲ್ಲಿ ಈವರೆಗೆ ಹೇಳಿದ್ದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಹಸಿ ಮಣ್ಣು ಉಪಗ್ರಹದ ಸಿಗ್ನಲ್ಲನ್ನೂ ಕಾಲರ್‌ನ ತರಂಗವನ್ನೂ ತಡೆಯುತ್ತದೆ. ಬಿಲಕ್ಕೆ ನುಗ್ಗುವ ನಾಯಿಗಳಿಗೆ ತೀರಾ ಕಡಿಮೆ ಕಂಪನಾಂಕದ, ಕಾಂತಕ್ಷೇತ್ರದಿಂದ ಕೆಲಸ ಮಾಡುವ ಬೇರೆ ಜಾತಿಯ ಲೊಕೇಟರ್ ಸಿಗುತ್ತದೆ. ಅದರ ದೂರ ಕೆಲವೇ ಮೀಟರ್, ಆದರೆ ಮಣ್ಣಿನ ಮೇಲೆ ನಿಂತು ನಾಯಿ ಸರಿಯಾಗಿ ಎಲ್ಲಿದೆ, ಎಲ್ಲಿ ಅಗೆಯಬೇಕು ಎಂದು ತೋರಿಸುತ್ತದೆ. ನಿಮ್ಮ ಚಿಕ್ಕ ನಾಯಿ ನಿಜಕ್ಕೂ ಬಿಲದೊಳಗೆ ಇಳಿಯುವುದಾದರೆ ಮೊದಲು ಇದನ್ನೇ ಕೊಳ್ಳಿ.

ಮೂರೂ ನಾಯಿಗಳ ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಜಾಗವಿರಲಿ, ಬೇಟೆ ಮುಗಿದೊಡನೆ ಬಿಚ್ಚಿ ಕೊರಳ ಚರ್ಮ ನೋಡಿ. ಒದ್ದೆ ಪಟ್ಟಿ ದಿನಗಟ್ಟಲೆ ಉಳಿದರೆ ಹುಣ್ಣಾಗುತ್ತದೆ. ಮತ್ತೆ ಪ್ರತಿ ಪಟ್ಟಿಗೂ ಒಂದು ಹಿತ್ತಾಳೆ ಫಲಕ ಹೊಡೆಸಿ, ಅದರ ಮೇಲೆ ನಾಯಿಯ ಹೆಸರಿಗಿಂತ ದೊಡ್ಡದಾಗಿ ನಿಮ್ಮ ಫೋನ್ ನಂಬರ್ ಇರಲಿ. ಬ್ಯಾಟರಿ ಮುಗಿದ ಮೂರನೆಯ ದಿನ ಯಾರದೋ ಹಿತ್ತಲಿಗೆ ಬಂದು ನಿಂತ ನಾಯಿಯನ್ನು ಮನೆ ಸೇರಿಸುವುದು ಆ ನಂಬರೇ.